ದೀಪವನ್ನರಸಿ ಹೋದವನು

ಮೈಸೂರಿನಲ್ಲಿ ಹುಟ್ಟಿ ಬೆಳೆದವನಿಗೆ ಅರಮನೆಯ ದೀಪಗಳು ಎಂದಿನವು. ಎಂದಿನವಾದುದರಿಂದಲೇ ಅವನು ಅವುಗಳನ್ನು ಕಾಣನು. ಅಂತಹ ಒಬ್ಬ ಮೈಸೂರಿಗನು, ಬೆಳಕು ಕಟ್ಟಡಗಳಿಗೆ ತರುವ ಚೆಲುವನ್ನು ನೋಡಬೇಕೆಂದು ಫ್ರಾನ್ಸಿನ ಲಿಯೋನ್ ನಗರಕ್ಕೆ ಹೋದನು.

ಆ ಊರಿನ ದೀಪೋತ್ಸವದ ಮೂಲ ಬಲು ಸರಳ. 1852ರ ಡಿಸೆಂಬರ್ 8ರಂದು ಫೂರ್ವಿಯೇರ್ ಗುಡ್ಡದ ಮೇಲೆ ಮೇರಿಮಾತೆಯ ಪ್ರತಿಮೆಯ ಪ್ರತಿಷ್ಠೆ. ಬಿರುಮಳೆ ಸಂಭ್ರಮವನ್ನು ಕೆಡಿಸಿತೆನ್ನುವಾಗ ಮುಗಿಲು ತಿಳಿಯಾಯಿತು. ಜನರು ತಮ್ಮ ತಮ್ಮ ಕಿಟಕಿಗಳಲ್ಲಿ ಮೇಣದ ಬತ್ತಿಗಳನ್ನು ಹಚ್ಚಿಟ್ಟರು. ಈಗ ಆ ಉತ್ಸವದಲ್ಲಿ ಯಂತ್ರಗಳು ಇಗರ್ಜಿಯ ಗೋಡೆಯ ಮೇಲೆ ಬಣ್ಣಗಳನ್ನು ಚೆಲ್ಲುತ್ತವೆ. ಕಲ್ಲೇ ಅಲುಗಿದಂತೆ, ಕರಗಿದಂತೆ ತೋರುತ್ತದೆ. ಪ್ರವಾಸಿಗನು ಬೆರಗಾದನು. ಆದರೆ ಅವನ ಮನಸ್ಸು ನಿಂತದ್ದು ಒಂದು ಮನೆಯ ಕಿಟಕಿಯಲ್ಲಿ ಸಾಲಾಗಿ ಉರಿಯುತ್ತಿದ್ದ ಪುಟ್ಟ ದೀಪಗಳಲ್ಲಿ.

ಊರಿಗೆ ಮರಳಿದ ಮೊದಲ ಭಾನುವಾರದ ಸಂಜೆ ಅವನು ಅರಮನೆಯ ಮುಂದೆ ನಿಂತನು. 1897ರಲ್ಲಿ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ, ಹೆನ್ರಿ ಇರ್ವಿನ್ನನ ನಕ್ಷೆಯಂತೆ 1912ರಲ್ಲಿ ಪೂರ್ಣಗೊಂಡ ಕಟ್ಟಡವು ಕತ್ತಲಲ್ಲಿ ಮಸುಕಾಗಿತ್ತು. ಥಟ್ಟನೆ ಲಕ್ಷಕ್ಕೆ ಸಮೀಪದ ಬಲ್ಬುಗಳು ಹೊತ್ತಿದವು. ಇಲ್ಲಿ ಬೆಳಕು ಗೋಡೆಯನ್ನು ಮುಚ್ಚಲಿಲ್ಲ. ಕಮಾನು, ಗುಮ್ಮಟಗಳ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ರಂಗೋಲಿ ಬರೆಯಿತು.

ಹಳ್ಳಿಯಿಂದ ಬಂದಿದ್ದ ಜನ "ಆಹಾ!" ಎಂದರು. ಆ ಉದ್ಗಾರದಲ್ಲಿ ಅವನ ದನಿಯೂ ಸೇರಿತ್ತು.