ತಿನ್ನದವರ ಮೀನು

ನಮ್ಮ ಮನೆಯಲ್ಲಿ ಮೀನು ತಿನ್ನುವವರಿಲ್ಲ. ಹಿತ್ತಲಿನಲ್ಲಿ ನಾಲ್ಕು ತೊಟ್ಟಿ ತುಂಬ ಮೀನಿದೆ. ಮೊದಲನೆಯದೇ ಎರಡನೆಯದಕ್ಕೆ ಕಾರಣ ಎಂದು ತಿಳಿಯಲು ನನಗೆ ಮೂರು ವರ್ಷ ಹಿಡಿಯಿತು.

ಶುರುವಾದದ್ದು 200 ಲೀಟರಿನ ಒಂದು ನೀಲಿ ಡ್ರಮ್ಮಿನಿಂದ. ಮೈಸೂರಿನಲ್ಲಿ ಹಿತ್ತಲಿರುವ ಮನೆ ಸಿಕ್ಕಿದ್ದೇ ಭಾಗ್ಯ, ಆದರೆ ಅಗೆದಲ್ಲೆಲ್ಲ ಹಳೆಯ ಗಾರೆ, ಇಟ್ಟಿಗೆ ಚೂರು. ಸರಿ, ಮಣ್ಣೇ ಬೇಡದ ಕೃಷಿ ಮಾಡೋಣ ಎಂದುಕೊಂಡೆ. ಡ್ರಮ್ಮಿನಲ್ಲಿ ಮೀನು, ಪಕ್ಕದಲ್ಲಿ ಎತ್ತರಿಸಿಟ್ಟ ಟಬ್ಬಿನಲ್ಲಿ ಜಲ್ಲಿ, ಜಲ್ಲಿಯಲ್ಲಿ ಪಾಲಕ್ ಮತ್ತು ಬೀನ್ಸ್. ಪಂಪು ಮೀನಿನ ನೀರನ್ನು ಮೇಲೆತ್ತುತ್ತದೆ, ಬೇರು ತೊಯ್ದ ನೀರು ಮತ್ತೆ ಮೀನಿನ ಹತ್ತಿರ ಇಳಿಯುತ್ತದೆ. ಅಕ್ವಾಪೋನಿಕ್ಸ್ ಎಂದರೆ ಇಷ್ಟೇ ಎಂದು ನಂಬಿದ್ದೆ. ಆದರೆ ನಡುವೆ ಕಣ್ಣಿಗೆ ಕಾಣದ ದಲ್ಲಾಳಿಗಳಿದ್ದಾರೆ. ಮೀನು ಕಿವಿರಿನಿಂದ ಬಿಡುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡು ಮೀನಿಗೆ ವಿಷ, ಕೊನೆಯದು ಗಿಡಕ್ಕೆ ಊಟ. ಈ ಮಂದಿ ಜಲ್ಲಿಗೆ ಅಂಟಿಕೊಂಡು ಸಂಸಾರ ಹೂಡಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ನಾನು ಗಾಜಿನ ಕೊಳವೆಯಲ್ಲಿ ನೀರು ಹಿಡಿದು, ಹನಿ ಹಾಕಿ, ಬಣ್ಣ ನೋಡಿ ನಿಟ್ಟುಸಿರು ಬಿಡುತ್ತಿದ್ದೆ. ನಲ್ಲಿ ನೀರಿನ ಕ್ಲೋರಿನ್ ಈ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆಂದು ಬಕೆಟ್ಟುಗಳಲ್ಲಿ ನೀರು ತುಂಬಿ ಒಂದು ದಿನ ಬಿಸಿಲಿಗಿಡುತ್ತಿದ್ದೆ.

ಅತ್ತೆಯವರದು ಕುಮಟಾ ಕಡೆ. ಮೆಟ್ಟಿಲ ಮೇಲೆ ಕೂತು ಎಲ್ಲ ನೋಡಿದರು. "ಇದ್ರಲ್ಲಿ ಹೊಸ್ತೆಂತ ಇದ್ದು ಕೂಸೇ?" ಎಂದರು. ಅಘನಾಶಿನಿಯ ಉಬ್ಬರದ ನೀರು ನುಗ್ಗುವ ಗಜನಿ ಗದ್ದೆಗಳನ್ನು ಅವರು ಬಾಲ್ಯದಲ್ಲಿ ಕಂಡವರು. ಮಳೆಗಾಲದಲ್ಲಿ ಅಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ. ಕೊಯ್ಲು ಮುಗಿದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು. ಕೊಳೆತ ಹುಲ್ಲು ಅವಕ್ಕೆ ಮೇವು. ಪಂಪಿಲ್ಲ, ಕೊಳವೆಯಿಲ್ಲ, ಚಂದ್ರನೇ ನೀರು ಎತ್ತುವವನು. ಒಂದು ಗಳಿಗೆ ಸುಮ್ಮನಿದ್ದು ಕೇಳಿದರು, "ಅಲ್ಲಿಯ ಜನ ಮೀನು ತಿಂತ. ನೀನು ಎಂತ ಮಾಡ್ತೆ?"

ಆ ಪ್ರಶ್ನೆಯನ್ನು ಆವತ್ತೇ ಗಂಭೀರವಾಗಿ ತೆಗೆದುಕೊಂಡಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು.

ಮೀನು ಕೊಟ್ಟವನು ಕೆರೆಯಲ್ಲಿ ಬಲೆ ಬೀಸುವವ. ಕವರಿನಲ್ಲಿ ಹತ್ತು ಮರಿ ಹಾಕಿ, "ಜಿಲೇಬಿ ಅಕ್ಕಾ, ಸಾಯೋ ಜಾತಿ ಅಲ್ಲ" ಎಂದ. ತಿಲಾಪಿಯಾಕ್ಕೆ ಇಲ್ಲಿನ ಹೆಸರು ಅದು. ಆಫ್ರಿಕಾದ ಈ ಮೀನು ಭಾರತಕ್ಕೆ ಬಂದದ್ದು 1952ರಲ್ಲಿ. ಆಮೇಲೆ ನಮ್ಮ ಕೆರೆಗಳಲ್ಲಿ ಮನೆಮಗಳಂತೆ ತುಂಬಿಕೊಂಡಿತು. ಸಾಯುವುದಿಲ್ಲ ಎಂದನೇ ಹೊರತು ಹುಟ್ಟುವುದರ ಬಗ್ಗೆ ಅವನು ಬಾಯಿ ಬಿಡಲಿಲ್ಲ. ಹೆಣ್ಣು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು, ತಾನು ಉಪವಾಸವಿದ್ದು, ಮರಿ ಮಾಡುತ್ತದೆ. ಒಂದು ಬೆಳಿಗ್ಗೆ ಡ್ರಮ್ಮಿನ ಅಂಚಿನಲ್ಲಿ ಸಾಸಿವೆ ಚೆಲ್ಲಿದಂತೆ ಮರಿಗಳು. ಮಧ್ಯಾಹ್ನದ ಹೊತ್ತಿಗೆ ದೊಡ್ಡವು ಅವನ್ನು ಹಿಡಿದು ನುಂಗುತ್ತಿದ್ದವು. ಸುಮ್ಮನಿದ್ದಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ನಾನು ನಡುವೆ ಹೋದೆ. ಸಂಜೆಗೆ 500 ಲೀಟರಿನ ಎರಡನೆಯ ತೊಟ್ಟಿ ಬಂತು.

ಮುಂದಿನ ಸಲಕ್ಕೆ ಮೂರನೆಯದು. ಅದು ಹಿತ್ತಲ ಮೂಲೆಯಲ್ಲಿ ಬಿದ್ದಿದ್ದ ಕಲಗಚ್ಚಿನ ಕಲ್ಲುಬಾನಿ, ಹಸುವಿದ್ದ ಕಾಲದ್ದು. ಮೀನು ಹೆಚ್ಚಿದರೆ ಅಮೋನಿಯಾ ಹೆಚ್ಚು, ಅದನ್ನು ಕರಗಿಸಲು ಜಲ್ಲಿ ಹೆಚ್ಚು ಬೇಕು, ಜಲ್ಲಿ ಇದ್ದ ಮೇಲೆ ಗಿಡ ನೆಡದೆ ಇರಲಾಗದು. ಪಾಲಕ್ ಹಿಡಿದು ಗೇಟಿನ ಬಳಿ ಬಂದರೆ ಎದುರುಮನೆಯವರಿಗೆ ಈಗ ಒಳಗೆ ಏನೋ ತುರ್ತು ಕೆಲಸ ನೆನಪಾಗುತ್ತದೆ.

ತೊಟ್ಟಿ ಇಡುವುದು ಸುಲಭ, ಜೋಡಿಸುವುದು ಕಷ್ಟ. ಪ್ಲಂಬರ್ ಒಂದರ ನೀರು ಎರಡಕ್ಕೆ, ಎರಡರದ್ದು ಮೂರಕ್ಕೆ ಬೀಳುವಂತೆ ಪೈಪು ಹಾಕಿಕೊಟ್ಟ. ನೋಡಲು ಅಂದ. ಎರಡೇ ವಾರದಲ್ಲಿ ಬಾನಿಯ ಮೀನುಗಳು ಬೆಳಗಿನ ಜಾವ ಮೇಲೆ ಬಂದು ಬಾಯಿ ಬಡಿಯತೊಡಗಿದವು. ಮೇಲಿನ ಎರಡರ ಕೊಳೆಯೆಲ್ಲ ಅಲ್ಲಿ ಸೇರುತ್ತಿತ್ತು, ಆಮ್ಲಜನಕ ಅಷ್ಟರಲ್ಲಿ ಖರ್ಚಾಗಿರುತ್ತಿತ್ತು. ಪ್ಲಂಬರನನ್ನು ಕರೆದು ವಿವರಿಸಲು ಹೊರಟೆ. ಮಂಡ್ಯದ ಕಡೆಯವನು, ಅರ್ಧಕ್ಕೇ ತಡೆದ. "ಅಂಗಾದ್ರೆ ಇದು ವಿ.ಸಿ. ನಾಲೆ ಕೊನೇ ಗದ್ದೆ ಆಯ್ತಲ್ಲಕ್ಕಾ." ಅವನಿಗೆ ಮತ್ತೇನೂ ಹೇಳಬೇಕಾಗಲಿಲ್ಲ. ಎಲ್ಲಕ್ಕಿಂತ ತಗ್ಗಿನಲ್ಲಿ ಒಂದು ಗುಂಡಿತೊಟ್ಟಿ, ಪಂಪು ಅದರಲ್ಲಿ ಮಾತ್ರ, ಅಲ್ಲಿಂದ ಪ್ರತಿ ತೊಟ್ಟಿಗೂ ಬೇರೆ ಪೈಪು, ಬೇರೆ ವಾಲ್ವು. ತೊಟ್ಟಿಯಿಂದ ಉಕ್ಕಿದ ನೀರು ಜಲ್ಲಿಗೆ, ಜಲ್ಲಿಯದು ಗುಂಡಿಗೆ. ಇದರ ಬೆಲೆ ಗೊತ್ತಾದದ್ದು ಒಂದು ರಾತ್ರಿ ಪೈಪು ಕಳಚಿಕೊಂಡಾಗ: ಗುಂಡಿ ಬರಿದಾಯಿತು, ಮೀನಿನ ತೊಟ್ಟಿಗಳಲ್ಲಿ ಒಂದು ಗೇಣೂ ಇಳಿದಿರಲಿಲ್ಲ. ಹಳೆಯ ಜೋಡಣೆಯಿದ್ದಿದ್ದರೆ ಬೆಳಿಗ್ಗೆ ಮೀನು ನೆಲದ ಮೇಲೆ. ಆದರೆ ವಾಲ್ವುಗಳ ಜಗಳ ಇವತ್ತಿಗೂ ಮುಗಿದಿಲ್ಲ. ಒಂದನ್ನು ಎರಡು ಎಳೆ ತಿರುಗಿಸಿದರೆ ಇನ್ನೊಂದರ ಧಾರೆ ಸಣ್ಣಗಾಗುತ್ತದೆ, ಕೆಳಗಿನ ಮನೆಯವರು ನಲ್ಲಿ ಬಿಟ್ಟಾಗ ಮೇಲಿನವರ ಸ್ನಾನ ನಿಂತ ಹಾಗೆ.

ನಾಲ್ಕನೆಯ ತೊಟ್ಟಿಯ ಕಥೆ ಹೇಳಲು ಸ್ವಲ್ಪ ನಾಚಿಕೆ. ಅದು ಆಸ್ಪತ್ರೆ. ಮೀನಿನ ಮೈಮೇಲೆ ರವೆ ಅಂಟಿದಂತೆ ಬಿಳಿ ಚುಕ್ಕೆ ಕಂಡಿತು. ರೋಗಿಗಳನ್ನು ಬೇರೆ ಮಾಡಬೇಕೆಂದು 300 ಲೀಟರಿನ ತೊಟ್ಟಿ ತಂದು, ಬೇರೆ ಮಾಡಿ, ಆಮೇಲೆ ಅದನ್ನೂ ಅಚ್ಚುಕಟ್ಟಾಗಿ ಅದೇ ಗುಂಡಿಗೆ ಜೋಡಿಸಿದೆ. ಆ ಪರೋಪಜೀವಿ ಮೀನಿನ ಮೈಯಿಂದ ಉದುರಿ, ತಳದಲ್ಲಿ ನೂರಾರಾಗಿ ಒಡೆದು, ನೀರಿನಲ್ಲಿ ಈಜುತ್ತಾ ಹೊಸ ಮನೆ ಹುಡುಕುತ್ತದೆ. ನಾನು ಅದಕ್ಕೆ ಪೈಪು ಹಾಕಿಕೊಟ್ಟಿದ್ದೆ. ಔಷಧಿಯೆಂದು ಲೀಟರಿಗೆ 3 ಗ್ರಾಂ ಲೆಕ್ಕದಲ್ಲಿ ಸುಮಾರು ಒಂದು ಕೆ.ಜಿ. ಕಲ್ಲುಪ್ಪು ಸುರಿದೆ, ನಾಲ್ಕು ದಿನ ಬಿಟ್ಟು ಇನ್ನೊಂದು ಕೆ.ಜಿ. ಅದು ಆಸ್ಪತ್ರೆಯಲ್ಲಿ ಎಷ್ಟು ಹೊತ್ತು ನಿಂತೀತು? ಊರೆಲ್ಲ ಹಂಚಿಹೋಯಿತು. ವಾರದೊಳಗೆ ಬೀನ್ಸ್ ಎಲೆಗಳ ಅಂಚು ಸುಟ್ಟ ಕಾಗದದಂತಾಯಿತು. ಪಾಲಕ್ ಕದಲಲಿಲ್ಲ, ಇನ್ನಷ್ಟು ಕಪ್ಪು ಹಸಿರಾಗಿ ನಿಂತಿತು. ಉಪ್ಪು ಆವಿಯಾಗಿಯೂ ಹೋಗುವುದಿಲ್ಲ, ನೀರನ್ನೇ ಬದಲಿಸಬೇಕು. ಹದಿನೈದು ದಿನ ಬಕೆಟ್ಟು ಹೊತ್ತೆ. ಏಳು ಮೀನು ಸತ್ತವು. ತೆಂಗಿನ ಬುಡದಲ್ಲಿ ಹೂಳುವಾಗ ಅತ್ತೆ ಏನೂ ಅನ್ನಲಿಲ್ಲ; ಒಳಗೆ ಹೋಗಿ ಉಪ್ಪಿನ ಡಬ್ಬಿಯನ್ನು ಮೇಲಿನ ಗೂಡಿಗೆ ಇಟ್ಟರು.

ಈಗ ಆಸ್ಪತ್ರೆ ತೊಟ್ಟಿಗೆ ಯಾವ ಪೈಪೂ ಇಲ್ಲ. ಅದರ ಬಲೆ, ಚೊಂಬು ಕೂಡ ಬೇರೆ, ಮಡಿಯಲ್ಲಿಟ್ಟ ಹಾಗೆ.

ಉಳಿದ ಮೂರರಲ್ಲಿ ಜಿಲೇಬಿಗಳು ಅಂಗೈ ಮೀರಿ ಬೆಳೆದಿವೆ. ಕಾಳು ಹಾಕುವ ಕೆಲಸ ಅತ್ತೆಯವರದಾಗಿದೆ. ಅವರ ಸೀರೆಯ ನೆರಳು ನೀರಿಗೆ ಬೀಳುವಷ್ಟರಲ್ಲಿ ಮೂರೂ ತೊಟ್ಟಿ ಕುದಿಯುತ್ತವೆ. ಕೆರೆಯವನನ್ನು ಕರೆಸಿದೆ. ಅವನು ಬಗ್ಗಿ ನೋಡಿ, "ಒಂದೊಂದೂ ಅರ್ಧ ಕೆ.ಜಿ. ಇದೆಯಲ್ಲಕ್ಕಾ!" ಎಂದು ತೂಕ ಹಾಕುವವನ ದನಿಯಲ್ಲೇ ಹೇಳಿದ. ಬುಧವಾರ ಬುಟ್ಟಿ ತಂದ. ಏಕಾದಶಿಯ ದಿನ ಬೇಡ ಎಂದು ಒಳಗಿನಿಂದ ಅತ್ತೆಯ ದನಿ. ಇನ್ನೊಂದು ಬುಧವಾರ ಬಂದ, ಅಮಾವಾಸ್ಯೆ ಹತ್ತಿರವಿತ್ತು. ಮೂರನೆಯ ಸಲ ಬಂದಾಗ ಅತ್ತೆಯೇ ಹೊರಗೆ ಬಂದು, ಅವನಿಗೆ ಚಹಾ ಕೊಟ್ಟು, ಬಾನಿಯ ಮೀನೊಂದರ ಬಾಯಿ ಉಬ್ಬಿದೆ, ಮೊಟ್ಟೆ ಇರಬೇಕು, ಬಾಣಂತಿಯ ಮನೆಗೆ ಬಲೆ ಹಾಕಬಾರದು ಎಂದರು.

ಅವನು ಚಹಾ ಮುಗಿಸಿ, ಖಾಲಿ ಬುಟ್ಟಿಯನ್ನು ಸೈಕಲ್ಲಿಗೆ ಕಟ್ಟಿಕೊಂಡ. "ನಮ್ಮ ಷಡ್ಡಕನ ಹತ್ರ 1,000 ಲೀಟರಿನ ಒಂದು ಟ್ಯಾಂಕು ಸುಮ್ನೆ ಬಿದ್ದದೆ ಅಕ್ಕಾ," ಎಂದ. "ನಾಳೆ ತರಲಾ?"