ಡ್ರಮ್ಮರ್‌ನ ಬಲಗಾಲು

ನೀವು ಇದನ್ನು ಓದ್ತಿರೋ ಫೋನಿನಲ್ಲೇ ಒಂದು ಹಾಡು ಹಾಕಿ ನೋಡಿ, ಹೆಡ್‌ಫೋನ್ ಇಲ್ಲದೆ. ಹಾಡುವವರು ಕೇಳಿಸ್ತಾರೆ, ಗಿಟಾರ್ ಕೇಳಿಸುತ್ತೆ, ಪಿಟೀಲು ಕೇಳಿಸುತ್ತೆ. ಬೇಸ್ ಗಿಟಾರ್ ಮಾತ್ರ ಹೆಚ್ಚುಕಡಿಮೆ ಮಾಯ. ಅದರ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ತಗ್ಗಿನ ಸದ್ದನ್ನು ಹೊರಗೆ ತಳ್ಳೋಕೆ ಫೋನಿನ ಪುಟಾಣಿ ಸ್ಪೀಕರಿಗೆ ತಾಕತ್ತಿಲ್ಲ. ಆ ಸ್ವರದ ಮೇಲಿನ ಪಲುಕುಗಳನ್ನಷ್ಟೇ ಕೇಳಿ, ಕೆಳಗಿನದನ್ನು ನಿಮ್ಮ ಕಿವಿಯೇ ಊಹಿಸಿಕೊಳ್ಳುತ್ತೆ. ಹಾಗಾಗಿ ನಾನು ಬಾರಿಸೋ ವಾದ್ಯವನ್ನು ಜನ ಕೇಳೋದಕ್ಕಿಂತ ಊಹಿಸೋದೇ ಜಾಸ್ತಿ.

ಏಳು ವರ್ಷದಿಂದ ಇದೇ ಕಥೆ. ಸೋಮವಾರದಿಂದ ಶುಕ್ರವಾರದವರೆಗೆ ಬೆಂಗಳೂರಿನ ಒಂದು ಟೆಕ್ ಪಾರ್ಕಿನಲ್ಲಿ ಬೇರೆಯವರು ಬರೆದ ಕೋಡಿನಲ್ಲಿ ದೋಷ ಹುಡುಕ್ತೀನಿ. ವಾರಾಂತ್ಯದಲ್ಲಿ ಐದು ಜನರ ಬ್ಯಾಂಡಿನ ಹಿಂದಿನ ಸಾಲಿನಲ್ಲಿ, ಡ್ರಮ್ಸ್ ಪಕ್ಕದಲ್ಲಿ ನಿಂತ್ಕೋತೀನಿ. ಕನ್ನಡದ ಹಳೇ ಹೊಸಾ ಸಿನಿಮಾ ಹಾಡು, ರಾಕ್ ಶೈಲಿಗೆ ತಿರುಗಿಸಿದ ಒಂದಷ್ಟು ಜಾನಪದ, ನಮ್ಮದೇ ಮೂರು ಹಾಡು, ಇಷ್ಟು ನಮ್ಮ ಸರಕು. ಇಂದಿರಾನಗರ, ಕೋರಮಂಗಲದ ಪಬ್ಬುಗಳು, ಮದುವೆ ಮನೆಯ ಹಿಂದಿನ ದಿನದ ಸಂಗೀತ್, ಆಫೀಸುಗಳ ವಾರ್ಷಿಕೋತ್ಸವ. ಎಲ್ಲಕ್ಕಿಂತ ಮುಖ್ಯವಾಗಿ ನವೆಂಬರ್. ರಾಜ್ಯೋತ್ಸವ ಕ್ಯಾಲೆಂಡರಿನಲ್ಲಿ 1ನೇ ತಾರೀಕು ಒಂದೇ ದಿನ. ಅಪಾರ್ಟ್‌ಮೆಂಟು, ಟೆಕ್ ಪಾರ್ಕುಗಳಲ್ಲಿ ಅದು 30ರವರೆಗೂ ನಡೆಯುತ್ತೆ. ‘ನವೆಂಬರ್ ಕನ್ನಡಿಗರು’ ಅಂತ ಬೇರೆಯವರು ಬೇಕಾದ್ರೆ ಆಡಿಕೊಳ್ಳಲಿ, ನನ್ನ ಬಾಯಲ್ಲಿ ಆ ಮಾತು ಬರೋದಿಲ್ಲ. ನನ್ನ ಆಂಪ್ಲಿಫೈಯರಿನ ಇಎಂಐ ಕಟ್ಟಿದ್ದು ಅವರೇ.

ನಮ್ಮ ಚಿಕ್ಕಮ್ಮ ಮೊದಲ ಸಲ ನನ್ನ ವಾದ್ಯ ನೋಡಿ, “ನಾಲ್ಕೇ ತಂತಿನಾ? ಇನ್ನೆರಡು ಕಿತ್ತೋಯ್ತಾ?” ಅಂದಿದ್ರು. ವಿವರಿಸಿದ ಮೇಲೆ, “ಮೇನ್ ಗಿಟಾರ್‌ಗೆ ಯಾವಾಗ ಹಾಕ್ತಾರೆ ನಿನ್ನ?” ಅಂತ ಕೇಳಿದ್ರು, ಬಡ್ತಿ ಕೇಳೋ ಥರ. ಈಗಲೂ ಹಬ್ಬಕ್ಕೆ ಹೋದಾಗಲೆಲ್ಲ ವಿಚಾರಿಸ್ತಾರೆ.

ಅವರಿಗೆ ಹೇಳಿ ಸೋತಿದ್ದನ್ನು ಇಲ್ಲಿ ಇನ್ನೊಮ್ಮೆ ಪ್ರಯತ್ನಿಸ್ತೀನಿ. ಕೀಬೋರ್ಡಿನವನು ಸಿ ಮೇಜರ್ ಹಿಡಿದು ಕೂತಿದ್ದಾನೆ ಅನ್ಕೊಳ್ಳಿ. ಕೆಳಗೆ ನಾನೂ ಸಿ ಬಾರಿಸಿದ್ರೆ ಅದು ಮನೆಗೆ ಬಂದು ಚಪ್ಪಲಿ ಬಿಟ್ಟ ಹಾಗೆ ಕೇಳಿಸುತ್ತೆ. ಅವನು ಒಂದು ಬೆರಳೂ ಅಲುಗಿಸದೆ ಇರಲಿ, ನಾನು ಎ ಬಾರಿಸಿದ ಕೂಡಲೇ ಅದೇ ಕಾರ್ಡ್ ಎ ಮೈನರ್ ಸೆವೆನ್ ಆಗಿ, ಯಾರೋ ಹೊರಟು ನಿಂತ ಹಾಗಿರುತ್ತೆ. ಕೇಳುವವರಿಗೆ ಏನು ಬದಲಾಯ್ತು ಅಂತ ಗೊತ್ತಾಗೋದಿಲ್ಲ, ಮನಸ್ಸು ಮಾತ್ರ ಬದಲಾಗಿರುತ್ತೆ. ಇದನ್ನು ನಾನು ಕಲಿತಿದ್ದು ಇಳಯರಾಜಾ ಹಾಡುಗಳಿಂದ. ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಸಿನಿಮಾಗಳ ಹಾಡುಗಳನ್ನು ಒಳ್ಳೇ ಹೆಡ್‌ಫೋನ್ ಹಾಕಿ, ಹಾಡುವವರನ್ನು ಬಿಟ್ಟು ಬೇಸನ್ನು ಮಾತ್ರ ಹಿಂಬಾಲಿಸಿ. ಹಾಡಿನ ಕೆಳಗೆ ಇನ್ನೊಂದು ಹಾಡು ಓಡ್ತಿರುತ್ತೆ.

ಸ್ವರ ಯಾವುದು ಅನ್ನೋದು ಇದರಲ್ಲಿ ಸುಲಭದ ಭಾಗ. ಕಷ್ಟದ್ದು, ಅದನ್ನು ಎಲ್ಲಿ ನಿಲ್ಲಿಸಬೇಕು ಅನ್ನೋದು. ದಪ್ಪ ತಂತಿ, ಒಮ್ಮೆ ಮೀಟಿದರೆ ಗುಂಯ್ ಅಂತ ಇದ್ದೇ ಇರುತ್ತೆ. ಬಲಗೈಯ ತೋರುಬೆರಳು, ನಡುಬೆರಳು ಹೆಜ್ಜೆ ಹಾಕೋ ಹಾಗೆ ಒಂದಾದ ಮೇಲೊಂದು ಮೀಟಬೇಕು. ಹೆಬ್ಬೆರಳು ಬಳಸದ ತಂತಿಗಳ ಮೇಲೆ ಒರಗಿ ಅವನ್ನು ಸುಮ್ಮನಿರಿಸಬೇಕು. ಎಡಗೈ ಬೆರಳನ್ನು ಪೂರ್ತಿ ಎತ್ತದೆ ಒತ್ತಡವನ್ನಷ್ಟೇ ಸಡಿಲಿಸಿದ್ರೆ ಸ್ವರ ಅಲ್ಲೇ ಸಾಯುತ್ತೆ. ಸ್ನೇರ್ ಡ್ರಮ್ ಬೀಳೋ ಕ್ಷಣಕ್ಕೆ ಸರಿಯಾಗಿ ನನ್ನ ಸ್ವರ ಮುಗಿದಿದ್ರೆ, ಆ ಸ್ನೇರ್ ಇದ್ದದ್ದಕ್ಕಿಂತ ದೊಡ್ಡದಾಗಿ ಕೇಳಿಸುತ್ತೆ. ಜನ ಡ್ರಮ್ಮರಿಗೆ ಚಪ್ಪಾಳೆ ಹೊಡೀತಾರೆ. ಅರ್ಧ ನನ್ನದು ಅಂತ ಅವನಿಗೆ ಗೊತ್ತಿರುತ್ತೆ, ಅಷ್ಟು ಸಾಕು.

ಸಲಕರಣೆ ಬಗ್ಗೆ ಕೇಳೋರು ಇದ್ದೇ ಇರ್ತಾರೆ, ಅದನ್ನೂ ಹೇಳಿಬಿಡ್ತೀನಿ. ನನ್ನದು ಜಾಝ್ ಬೇಸ್ ಮಾದರಿಯ ನಾಲ್ಕು ತಂತಿಯದು, ಸೆಕೆಂಡ್ ಹ್ಯಾಂಡ್. ತೂಕ ನಾಲ್ಕು ಕಿಲೋ ಮೇಲೆ. ಎರಡೂವರೆ ಗಂಟೆ ನೇತುಹಾಕಿಕೊಂಡ ಮೇಲೆ ಎಡಭುಜ ಆ ಲೆಕ್ಕವನ್ನು ಗ್ರಾಂ ಸಮೇತ ಹೇಳುತ್ತೆ. ಪಟ್ಟಿ ಅಗಲ ಇರೋದನ್ನೇ ತಗೊಳ್ಳಿ, ಮಿಕ್ಕಿದ್ದೆಲ್ಲ ಆಮೇಲೆ. ಟ್ಯೂನರ್ ಪೆಡಲ್ ಒಂದು, ಕಂಪ್ರೆಸರ್ ಒಂದು, ಡಿಐ ಬಾಕ್ಸ್ ಒಂದು. ಡಿಐ ಬಾಕ್ಸ್ ನನ್ನ ಸದ್ದನ್ನು ನೇರ ಮಿಕ್ಸರಿಗೆ ಕಳಿಸುತ್ತೆ. ಅದರಲ್ಲಿ ಗ್ರೌಂಡ್ ಲಿಫ್ಟ್ ಅಂತ ಒಂದು ಪುಟ್ಟ ಸ್ವಿಚ್ ಇದೆ. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್‌ಗಳಲ್ಲಿ ಎಲ್ಲೆಲ್ಲಿಂದಲೋ ಎಳೆದ ವೈರಿನಿಂದ ‘ಹ್ಞೂಂ’ ಅಂತ ಬರೋ ಸದ್ದಿಗೆ ಎಷ್ಟೋ ಸಲ ಅದೇ ಮದ್ದು. ಅದಕ್ಕೂ ಬಗ್ಗದಿದ್ರೆ ಎರಡು ಪಿಕಪ್‌ಗಳ ವಾಲ್ಯೂಮನ್ನೂ ಸಮನಾಗಿ ಪೂರ್ತಿ ತೆರೀತೀನಿ, ಈ ಮಾದರಿಯಲ್ಲಿ ಒಂದರ ಗೊಣಗನ್ನು ಇನ್ನೊಂದು ಕಳೆಯುತ್ತೆ.

ತಂತಿ ಮಾತ್ರ ದುಬಾರಿ. ಒಂದು ಸೆಟ್ಟಿಗೆ ಎರಡು ಸಾವಿರ ದಾಟುತ್ತೆ, ಬೆವರು ಕುಡಿದು ಕೆಲವೇ ತಿಂಗಳಿಗೆ ಮಂಕಾಗುತ್ತೆ. ಬಿಚ್ಚಿ ಹತ್ತು ನಿಮಿಷ ಕುದಿಯೋ ನೀರಿಗೆ ಹಾಕಿದ್ರೆ ಜಿಡ್ಡು ಬಿಟ್ಟು ಸ್ವಲ್ಪ ದಿನ ಮತ್ತೆ ಹೊಳೆಯುತ್ತೆ. ಮನೆಯಲ್ಲಿ ಇದಕ್ಕೇ ಅಂತ ಒಂದು ಹಳೇ ಕುಕ್ಕರ್ ಇದೆ. ಅಮ್ಮ ಅದಕ್ಕೆ ದಾರ ಕಟ್ಟಿ ಗುರುತು ಮಾಡಿಟ್ಟಿದ್ದಾರೆ. ಅತಿಥಿಗಳು ಒಲೆ ಮೇಲೆ ಏನಮ್ಮ ಅಂತ ಕೇಳಿದ್ರೆ, “ಅವನ ಶಾವಿಗೆ” ಅಂತಾರೆ. ಅಮೆರಿಕದ ಮೋಟೌನ್ ಕಂಪನಿಯ ಎಷ್ಟೋ ಹಾಡುಗಳಿಗೆ ಬೇಸ್ ಬಾರಿಸಿದ ಜೇಮ್ಸ್ ಜೇಮರ್ಸನ್ ಒಂದೇ ತೋರುಬೆರಳಲ್ಲಿ ಮೀಟ್ತಿದ್ದರು, ತಂತಿ ಬದಲಾಯಿಸೋ ಗೋಜಿಗೇ ಹೋಗ್ತಿರಲಿಲ್ಲ. ಅಮ್ಮನಿಗೆ ಈ ವಿಷಯ ಗೊತ್ತಿಲ್ಲ, ಗೊತ್ತಾಗೋದು ಬೇಡ.

ಇಷ್ಟೆಲ್ಲ ಇದ್ದರೂ ಬೇಸ್ ಅರ್ಧ ವಾದ್ಯ. ಉಳಿದರ್ಧ ಡ್ರಮ್ಮರಿನ ಬಲಗಾಲು. ಅವನು ಪೆಡಲ್ ತುಳಿದು ಕಿಕ್ ಡ್ರಮ್ ಬಾರಿಸೋ ಗಳಿಗೆಗೂ ನಾನು ತಂತಿ ಮೀಟೋ ಗಳಿಗೆಗೂ ಸಂದು ಇರಬಾರದು. ಎರಡೂ ಕೂಡಿದಾಗ ಅದು ಡ್ರಮ್ಮೂ ಅಲ್ಲ, ಗಿಟಾರೂ ಅಲ್ಲ. ಎದೆಗೂಡಿಗೆ ಯಾರೋ ಮೆತ್ತಗೆ ತಟ್ಟಿದ ಹಾಗಿರುತ್ತೆ. ಡೊಳ್ಳಿನ ಹತ್ತಿರ ನಿಂತವರಿಗೆ ಇದು ಗೊತ್ತಿರುತ್ತೆ.

ಆರು ವರ್ಷ ನನ್ನ ಪಕ್ಕ ಇದ್ದ ಬಲಗಾಲು ಸಾಗರದ ಕಡೆಯ ಹುಡುಗನದು. ಮಾತು ಕಡಿಮೆ. ಇಬ್ಬರೂ ಒಟ್ಟಿಗೆ ಸಿನಿಮಾಕ್ಕೆ ಹೋದವರಲ್ಲ, ಒಬ್ಬರ ಮನೆಗೊಬ್ಬರು ಊಟಕ್ಕೆ ಹೋದವರಲ್ಲ. ಆದರೆ ಅವನು ತಿರುವು ಕೊಡೋ ಮುಂಚೆ ಬಲಭುಜ ಒಂದಿಂಚು ಏಳುತ್ತೆ ಅಂತ ನನಗೆ ಗೊತ್ತಿತ್ತು. ನಾನು ಉಸಿರು ಹಿಡಿದ್ರೆ ಮುಂದಿನ ಸಾಲಿನಲ್ಲಿ ನಿಲ್ಲಿಸ್ತೀನಿ ಅಂತ ಅವನಿಗೆ ಗೊತ್ತಿತ್ತು. ಅವನ ಕಿಕ್ ತಾಳದಲ್ಲಿ ಕೂದಲೆಳೆಯಷ್ಟು ಹಿಂದೆ ಕೂರುತ್ತೆ, ಊಟ ಆದ ಮೇಲೆ ಕುರ್ಚಿಗೆ ಒರಗೋ ಹಾಗೆ. ನನ್ನ ಬೆರಳೂ ಅಲ್ಲೇ ಕೂರೋದು ಕಲಿತಿತ್ತು. ನಮ್ಮ ಗಾಯಕಿ, “ನೀವಿಬ್ಬರು ಇದ್ದರೆ ಸೋಫಾ ಮೇಲೆ ನಿಂತು ಹಾಡಿದ ಹಾಗಿರುತ್ತೆ” ಅನ್ನೋರು. ಹೊಗಳಿಕೆಯೋ ದೂರೋ, ಕೇಳಲಿಲ್ಲ.

ಕಳೆದ ವರ್ಷ ಜುಲೈನಲ್ಲಿ ಆ ಕಾಲು ಬದಲಾಯ್ತು. ನಿಮಿಷಕ್ಕೆ 90 ಬಡಿತದಲ್ಲಿ ಶುರುವಾದ ಹಾಡು ಮುಗಿಯೋ ಹೊತ್ತಿಗೆ 96ಕ್ಕೆ ಬಂದಿರ್ತಿತ್ತು. ನಿಧಾನದ ಹಾಡುಗಳಲ್ಲಂತೂ ಬಸ್ ತಪ್ಪಿಹೋಗೋ ಹಾಗೆ ಓಡ್ತಿದ್ದ. ಗಿಟಾರಿನವನು, ಕೀಬೋರ್ಡಿನವನು ಏನೂ ಗಮನಿಸಲಿಲ್ಲ, ಮುಂದೆ ನಿಂತು ಕುಣಿಯೋರಿಗೆ ವೇಗ ಬಂದರೆ ಖುಷಿಯೇ. ಮೂರನೇ ಶೋ ಮುಗಿದ ರಾತ್ರಿ ಸಾಮಾನು ಕಾರಿಗೆ ತುಂಬಿ, ಟೀ ಅಂಗಡಿ ಮುಂದೆ ನಿಂತು, “ಏನಾಗಿದೆ ಕಾಲಿಗೆ?” ಅಂತ ಕೇಳಿದೆ.

“ಕಾಲಿಗಲ್ಲ, ಅಪ್ಪಂಗೆ” ಅಂದ.

ಮಳೆಗಾಲ ಶುರುವಾದಾಗ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸೋದು ಮಲೆನಾಡಿನ ಅಡಿಕೆ ಬೆಳೆಗಾರರ ಪ್ರತಿವರ್ಷದ ಕೆಲಸ. ತೋಟದ ಕಾಲುವೆ ದಾಟುವಾಗ ಅವರಪ್ಪ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಗಿತ್ತು. ಮನೆಯಲ್ಲಿ ಅಮ್ಮ ಒಬ್ಬರೇ. ಇವನು ಭಾನುವಾರ ಶೋ ಮುಗಿಸಿ ರಾತ್ರಿ ಬಸ್ ಹತ್ತೋದು, ಸೋಮವಾರ ಊರಿಂದಲೇ ಆಫೀಸಿನ ಕೆಲಸ, ಗುರುವಾರ ವಾಪಸ್. ಆರು ವಾರದಿಂದ ಹೀಗೇ ನಡೆದಿತ್ತು, ನಮಗ್ಯಾರಿಗೂ ಹೇಳಿರಲಿಲ್ಲ.

ಈಗ ಲೆಕ್ಕ ಹಾಕಿ. ನವೆಂಬರ್ ನಮಗೂ ಸೀಸನ್, ಅಡಿಕೆಗೂ ಸೀಸನ್. ಕೊಯ್ಲು, ಸುಲಿಯೋದು, ಬೇಯಿಸೋದು, ಒಣಗಿಸೋದು, ಎಲ್ಲ ಅದೇ ಸಮಯಕ್ಕೆ. ಕೊನೆ ಕೊಯ್ಯೋರು ಬರೋ ದಿನ ಮನೆಯವರೊಬ್ಬರು ತೋಟದಲ್ಲಿ ಇರಲೇಬೇಕು. ನಮ್ಮ ಹತ್ತಿರ ಆ ತಿಂಗಳಿಗೆ ಆಗಲೇ ಒಂಬತ್ತು ಶೋ ಒಪ್ಪಿಕೊಂಡಾಗಿತ್ತು, ಮುಂಗಡವೂ ಬಂದಿತ್ತು. ಬೇರೆ ಡ್ರಮ್ಮರನ್ನು ನೋಡೋಣ, ನೀನು ಹೋಗು ಅಂದ್ವಿ. ಅವನು ಒಪ್ಪಲಿಲ್ಲ. ಒಂಬತ್ತರಲ್ಲಿ ಏಳನ್ನು ಮಾಡಿದ. ಒಂದು ಶನಿವಾರ ಬೆಳಿಗ್ಗೆ ಬಂದವನ ಉಗುರಿನಲ್ಲಿ ಅಡಿಕೆ ಚೊಗರಿನ ಕಂದು ಬಣ್ಣ ಹಾಗೇ ಇತ್ತು. ಕಾಲು ಮಾತ್ರ ಮತ್ತೆ ತನ್ನ ಜಾಗಕ್ಕೆ ಬಂದಿತ್ತು. ಆ ಹೊತ್ತಿಗೆ ಕೆಲಸ ಬಿಟ್ಟು ಊರಿಗೆ ಹೋಗೋದು ಅಂತ ತೀರ್ಮಾನ ಮಾಡಿಯಾಗಿತ್ತು, ಆಮೇಲೆ ಗೊತ್ತಾಯ್ತು.

ಕೊನೆಯದು ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನ ಬಯಲು ವೇದಿಕೆ. ಎಲ್.ಕೆ.ಜಿ. ಮಕ್ಕಳ ನೃತ್ಯ, ಹೆಂಗಸರ ಕೋಲಾಟ, ಅಧ್ಯಕ್ಷರ ಭಾಷಣ ಎಲ್ಲ ಆಗಿ ನಮಗೆ ವೇದಿಕೆ ಸಿಗೋ ಹೊತ್ತಿಗೆ ಎಂಟೂವರೆ. ಬಯಲಿನಲ್ಲಿ ಧ್ವನಿವರ್ಧಕ ರಾತ್ರಿ 10ಕ್ಕೆ ನಿಲ್ಲಬೇಕು ಅನ್ನೋದು ನಿಯಮ. ಕಾರ್ಯದರ್ಶಿಗಳು ಒಂಬತ್ತೂಮುಕ್ಕಾಲರಿಂದಲೇ ಗಡಿಯಾರ ತೋರಿಸ್ತಾ ನನ್ನ ಎದುರೇ ನಿಂತಿದ್ದರು. ಕೊನೆಯ ಹಾಡಿನಲ್ಲಿ ಎರಡನೇ ಚರಣ ಮುಗಿದ ಕೂಡಲೇ ಅವನು ಕಾಲು ಎತ್ತಿಬಿಟ್ಟ. ಕಿಕ್ ಇಲ್ಲ, ಸ್ನೇರ್ ಇಲ್ಲ, ಬರೀ ಹೈ-ಹ್ಯಾಟ್ ಮೇಲೆ ಕಡ್ಡಿಯ ತುದಿ. ನಾಲ್ಕು ಆವರ್ತ ನಾನೊಬ್ಬನೇ. ಅದನ್ನು ನಾವು ಅಭ್ಯಾಸ ಮಾಡಿರಲಿಲ್ಲ. ತಿರುಗಿ ನೋಡಿದ್ರೆ ನಗ್ತಿದ್ದ. ಕೆಳಗೆ ಕೂತಿದ್ದ ಜನ ಫೋನಿನಿಂದ ತಲೆ ಎತ್ತಿದ್ದು ಕಾಣಿಸ್ತು. ಐದನೇ ಆವರ್ತಕ್ಕೆ ಭುಜ ಒಂದಿಂಚು ಎದ್ದಿತು, ಕಾಲು ಇಳಿಯಿತು.

ಡ್ರಮ್ ಕಿಟ್ ಬಾಡಿಗೆಯದು. ಡ್ರಮ್ಮರುಗಳು ತಮ್ಮ ಪೆಡಲ್, ಸಿಂಬಲ್, ಸ್ನೇರ್ ಮಾತ್ರ ತರ್ತಾರೆ. ಅವನು ಸಿಂಬಲ್, ಸ್ನೇರ್ ಎರಡನ್ನೂ ಆ ವಾರವೇ ಮಾರಿದ. ಪೆಡಲನ್ನು ಬಟ್ಟೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಊರಿಗೆ ಒಯ್ದ. ಅಲ್ಲಿ ತುಳಿಯೋಕೆ ಡ್ರಮ್ ಇಲ್ಲ.

ಹೊಸ ಹುಡುಗನಿಗೆ ಇಪ್ಪತ್ತೆರಡು. ಕೈ ಅದ್ಭುತ. ಕಿವಿಯಲ್ಲಿ ಕ್ಲಿಕ್ ಹಾಕಿಕೊಂಡೇ ಬಾರಿಸ್ತಾನೆ, 90 ಅಂದರೆ ಹಾಡು ಮುಗಿಯೋವರೆಗೂ 90. ಇದು ನಿಜಕ್ಕೂ ದೊಡ್ಡ ಗುಣ, ಕಳೆದ ಜುಲೈ ನೆನೆಸಿಕೊಂಡರೆ ಇನ್ನೂ ದೊಡ್ಡದು. ಆದರೆ ಅವನ ಕಿಕ್ ತಾಳದ ಮುಂಬಾಗಿಲಲ್ಲೇ ನಿಂತಿರುತ್ತೆ, ಶೂ ಹಾಕಿಕೊಂಡು ರೆಡಿಯಾಗಿ. ನಾನು ಹಳೇ ಅಭ್ಯಾಸದಲ್ಲಿ ಒರಗೋಕೆ ಹೋದರೆ ಅಲ್ಲಿ ಕುರ್ಚಿಯೇ ಇಲ್ಲ. ಅವನ ಸದ್ದು ‘ದಕ್’, ನನ್ನದು ‘ಧುಂ’, ಎರಡೂ ಸೇರಿ ‘ದಕ್‌ಧುಂ’. ಮೊದಲ ಅಭ್ಯಾಸ ಮುಗಿಸಿ ಬಂದು ರೆಕಾರ್ಡಿಂಗ್ ಕೇಳಿದಾಗ, ಇಷ್ಟು ವರ್ಷ ನನ್ನ ಶೈಲಿ ಅಂದುಕೊಂಡಿದ್ದರಲ್ಲಿ ಎಷ್ಟು ಭಾಗ ಸಾಗರದ ಹುಡುಗನದು ಅಂತ ತಿಳೀತು.

ಈಗ ದಿನಾ ಬೆಳಿಗ್ಗೆ ಆಫೀಸಿಗೆ ಹೋಗೋ ಮುಂಚೆ ಇಪ್ಪತ್ತು ನಿಮಿಷ ಮೆಟ್ರೊನೋಮ್ ಜೊತೆ ಕೂರ್ತೀನಿ. ಒಂದೇ ಸ್ವರ. ಮೊದಲು ಬಡಿತದ ಹಿಂದೆ, ಆಮೇಲೆ ಸರಿಯಾಗಿ ಮೇಲೆ, ಆಮೇಲೆ ಸ್ವಲ್ಪ ಮುಂದೆ. ಬೆರಳನ್ನು ಸೇತುವೆ ಹತ್ತಿರ ಇಟ್ಟು ಮೀಟಿದ್ರೆ ತಂತಿ ಬಿಗಿಯಾಗಿ ಸಿಗುತ್ತೆ, ಸದ್ದು ಬೇಗ ಚಿಮ್ಮುತ್ತೆ. ಹೊಸ ಹುಡುಗನಿಗೆ ಆ ಜಾಗ ಹೊಂದುತ್ತೆ. ಫೆಬ್ರವರಿಯಲ್ಲಿ ಒಂದು ಮದುವೆ ಒಪ್ಪಿಕೊಂಡಿದ್ದೀವಿ.

ಮೊನ್ನೆ ಜಾಮ್ ಪ್ಯಾಡಿನಲ್ಲಿ, ಒಂದೇ ಒಂದು ಹಾಡಿಗೆ ಕ್ಲಿಕ್ ತೆಗೆದಿಡ್ತೀಯಾ ಅಂತ ಕೇಳಿದೆ. ಅವನು ಸ್ವಲ್ಪ ಹೆದರಿದ ಹಾಗೆ ಕಂಡ, ಆದರೂ ಕಿವಿಯಿಂದ ತೆಗೆದ. ನಾನು ಸ್ಟ್ಯಾಂಡ್ ಎಳೆದು ಅವನ ಕಾಲು ಕಾಣೋ ಹಾಗೆ ನಿಂತೆ. ಆರು ಸಲ ಹೊಂದಲಿಲ್ಲ. ಏಳನೇ ಸಲ ಎರಡನೇ ಸಾಲಿನ ಹತ್ತಿರ ಎಲ್ಲೋ ಎಂಟು ಬಡಿತ ‘ದಕ್‌ಧುಂ’ ಹೋಗಿ ಒಂದೇ ಸದ್ದಾಯ್ತು. ಇಬ್ಬರೂ ಒಟ್ಟಿಗೇ ತಲೆ ಎತ್ತಿದ್ವಿ. ಇನ್ನೊಮ್ಮೆ ಅನ್ನೋಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ನಮ್ಮ ಗಂಟೆ ಮುಗಿದಿತ್ತು, ಹೊರಗೆ ಮುಂದಿನ ಬ್ಯಾಂಡಿನವರು ಸಾಮಾನು ಹೊತ್ತು ಕಾಯ್ತಿದ್ದರು.