ಮಕ್ಕಳ ಕೈಗೆ ಯಾವ ಬ್ಯಾಟರಿ?

ಕಾಯಕದ ಮಹತ್ವವನ್ನು ಕೇಳುತ್ತ ಬೆಳೆದ ನಮ್ಮ ಮನೆಗಳ ಮಕ್ಕಳು ಈಗ ಸಾಲ್ಡರಿಂಗ್ ಐರನ್ ಹಿಡಿದು ಕುಳಿತಿರುವುದು ಸಂತೋಷದ ಸಂಗತಿಯೇ ಸರಿ. ಸುತ್ತೂರು ಜಾತ್ರೆಯ ವಸ್ತುಪ್ರದರ್ಶನವನ್ನೋ ಶಾಲೆಯ ವಿಜ್ಞಾನ ಮೇಳವನ್ನೋ ಕಂಡು ಬಂದ ಮೇಲೆ ತಾವೂ ಏನಾದರೊಂದನ್ನು ಮಾಡಬೇಕೆಂಬ ಹುಮ್ಮಸ್ಸು ಅವರಲ್ಲಿ ಹುಟ್ಟುತ್ತದೆ. ಆದರೆ ಅವರು ಜೋಡಿಸುವ ಯಂತ್ರಕ್ಕೆ ಬಳಸುವ ಬ್ಯಾಟರಿಯ ವಿಷಯದಲ್ಲಿ ಹಿರಿಯರು ಸುಮ್ಮನಿರಲಾಗದು.

ನಮ್ಮ ಮೊಮ್ಮಗ ಹೂಕುಂಡದ ಮಣ್ಣಿನ ತೇವವನ್ನು ಅಳೆದು ನೀರು ಹಾಯಿಸುವ ಪುಟ್ಟ ಯಂತ್ರವೊಂದನ್ನು ಜೋಡಿಸುತ್ತಿದ್ದಾನೆ. ಹಳೆಯ ಲ್ಯಾಪ್‌ಟಾಪಿನಿಂದ ಬಿಚ್ಚಿದ ಎರಡು ಲಿಥಿಯಂ-ಅಯಾನ್ ಸೆಲ್ಲುಗಳನ್ನು ಗೆಳೆಯನೊಬ್ಬ ಅವನಿಗೆ ಕೊಟ್ಟಿದ್ದ. "ತಾತ, ದುಡ್ಡೇ ಕೊಡಬೇಕಾಗಿಲ್ಲ" ಎಂದು ಹಿಗ್ಗುತ್ತಿದ್ದವನಿಂದ ನಾವು ಅವನ್ನು ತೆಗೆದಿರಿಸಿಕೊಂಡೆವು. ಎರಡು ದಿನ ಅವನು ನಮ್ಮೊಡನೆ ಮಾತನಾಡಲಿಲ್ಲ. ಕಾರಣವನ್ನು ಬಿಡಿಸಿ ಹೇಳಬೇಕಾಯಿತು.

ಲಿಥಿಯಂ-ಅಯಾನ್ ಸೆಲ್ 1991ರಲ್ಲಿ ಮಾರುಕಟ್ಟೆಗೆ ಬಂದಿತು. ಅದಕ್ಕೆ ತಳಹದಿ ಹಾಕಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹಗುರವಾದ ಮೈಯಲ್ಲಿ ಅಪಾರ ಶಕ್ತಿಯನ್ನು ಅಡಗಿಸಿಕೊಳ್ಳುವುದು ಅದರ ಗುಣ. ಅಪಾಯವೂ ಅಲ್ಲಿಯೇ ಇದೆ. ಸಾಮಾನ್ಯವಾಗಿ 4.2 ವೋಲ್ಟಿಗೆ ನಿಲ್ಲಬೇಕಾದ ಚಾರ್ಜ್ ಮಿತಿ ಮೀರಿದರೆ, ಸೆಲ್ ಜಜ್ಜಿಹೋದರೆ, ಎರಡು ತುದಿಗಳು ತಂತಿಯಿಂದ ನೇರವಾಗಿ ಕೂಡಿಬಿಟ್ಟರೆ, ಒಳಗಿನ ಶಾಖ ತನ್ನನ್ನು ತಾನೇ ಹೆಚ್ಚಿಸಿಕೊಂಡು ಬೆಂಕಿಯಾಗಬಲ್ಲದು. ಒಳಗಿರುವ ದ್ರವವೂ ಹೊತ್ತಿಕೊಳ್ಳುವಂಥದೇ. ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ಇದನ್ನು ಕಾಯುವ ಸರ್ಕ್ಯೂಟ್ ಇರುತ್ತದೆ. ಬಿಚ್ಚಿ ತೆಗೆದ ಸೆಲ್ಲಿಗೆ ಆ ಕಾವಲಿಲ್ಲ. ಅದು ಹಿಂದೆ ಹೇಗೆ ಬಳಕೆಯಾಗಿತ್ತೆಂಬುದೂ ತಿಳಿಯದು.

ಅವನ ಯಂತ್ರಕ್ಕೆ ನಾವು ಆರಿಸಿದ್ದು ನಿಕಲ್-ಮೆಟಲ್ ಹೈಡ್ರೈಡ್ ಸೆಲ್ಲುಗಳನ್ನು. ನೋಡಲು ಗಡಿಯಾರಕ್ಕೆ ಹಾಕುವ ಸೆಲ್ಲಿನಂತೆಯೇ ಇವೆ. ಒಂದೊಂದಕ್ಕೆ 1.2 ವೋಲ್ಟ್, ನಾಲ್ಕನ್ನು ಸಾಲಾಗಿ ಜೋಡಿಸಿದರೆ 4.8. ಪುಟ್ಟ ಪಂಪು, ದೀಪಗಳಿಗೆ ಅಷ್ಟು ಸಾಕು. ಇದರ ಒಳಗಿನ ದ್ರವ ನೀರಿನಲ್ಲಿ ಕರಗಿದ ಕ್ಷಾರವಾದ್ದರಿಂದ ಲಿಥಿಯಂ ಸೆಲ್ಲಿನದರಂತೆ ಹೊತ್ತಿಕೊಳ್ಳದು. ಆದರೂ ತುದಿಗಳು ಒಂದಕ್ಕೊಂದು ತಾಗಿದರೆ ಕೈ ಸುಡುವಷ್ಟು ಕಾಯುತ್ತದೆ. 2000 ಎಂ.ಎ.ಎಚ್. ಸೆಲ್ಲಿಗೆ 200 ಮಿಲಿಆಂಪಿಯರಿನಲ್ಲಿ ನಿಧಾನವಾಗಿ ಚಾರ್ಜ್ ತುಂಬಲು 14ರಿಂದ 16 ಗಂಟೆ ಬೇಕು. ಮಕ್ಕಳ ಆತುರಕ್ಕೆ ಇದು ಒಗ್ಗದು, ಆಗಲಿ.

ಲಿಥಿಯಂ ಬೇಕೇಬೇಕಾದಲ್ಲಿ ಲಿಥಿಯಂ ಐರನ್ ಫಾಸ್ಫೇಟ್ ವಾಸಿ. 1997ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದ ಪ್ರಬಂಧದಲ್ಲಿ ಗುಡ್‌ಇನಫ್ ಅವರೊಡನೆ ಪಾಧಿ ಹಾಗೂ ಕೆ. ಎಸ್. ನಂಜುಂಡಸ್ವಾಮಿ ಎಂಬ ಹೆಸರುಗಳಿವೆ. ನಂಜನಗೂಡಿನ ನೆರೆಯವರಾದ ನಮಗೆ ಆ ಕೊನೆಯ ಹೆಸರು ಹಿತವೆನಿಸಿತು. ಇದರಲ್ಲಿ ಆಮ್ಲಜನಕವು ರಂಜಕಕ್ಕೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಕಾವೇರಿದರೂ ಸುಲಭವಾಗಿ ಬಿಡುಗಡೆಯಾಗದು. ಪೂರ್ಣ ಚಾರ್ಜಿನ ಮಿತಿ 3.65 ವೋಲ್ಟ್, 4.2 ವೋಲ್ಟಿನ ಚಾರ್ಜರ್ ಇದಕ್ಕೆ ಕೂಡದು.

ಶಿವರಾಂಪೇಟೆಯ ಅಂಗಡಿಗೆ ಹೋದಾಗ ಅಗ್ಗಕ್ಕೆ ಮರುಳಾಗಬೇಡಿ. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ 18650 ಸೆಲ್ಲಿನ ಮೇಲೆ 9900 ಎಂ.ಎ.ಎಚ್. ಎಂದು ಅಚ್ಚಾಗಿದ್ದರೆ ಅದು ಹಸಿಸುಳ್ಳು. ಒಳ್ಳೆಯವೂ 3500ರ ಆಸುಪಾಸಿನವು. ಭಾರತೀಯ ಮಾನಕ ಬ್ಯೂರೋದ ಐ.ಎಸ್. 16046 ಗುರುತನ್ನು ಹುಡುಕಿ. ಲಿಥಿಯಂ ಸೆಲ್ಲಿನ ಚಾರ್ಜಿಂಗ್ ಹಾಸಿಗೆ, ಪರದೆಗಳಿಂದ ದೂರ, ಎದ್ದಿರುವವರ ಕಣ್ಣೆದುರಿಗೇ ನಡೆಯಲಿ. ಉಬ್ಬಿದ್ದನ್ನು ಚುಚ್ಚಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಅದಕ್ಕೆ ಬೇರೆ ದಾರಿ ಮಾಡಿವೆ. ಮೊಮ್ಮಗನಿಂದ ಪಡೆದ ಆ ಎರಡು ಸೆಲ್ಲುಗಳ ತುದಿಗೆ ಟೇಪು ಸುತ್ತಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿದೆವು.